ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟ ಮತ್ತು ದಿನಚರಿ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಗ್ಯಾಸ್ಟ್ರಿಕ್ ಬೈಪಾಸ್ ಆದ ಮರುದಿನ ಬೆಳಿಗ್ಗೆ ನನ್ನ ಕೈಗೆ ಬಂದದ್ದು ಔಷಧಿ ಅಳೆಯುವ ಪುಟ್ಟ ಪ್ಲಾಸ್ಟಿಕ್ ಲೋಟ. ಅದರಲ್ಲಿ 30 ಮಿಲಿಲೀಟರ್ ನೀರಿತ್ತು. ದೊಡ್ಡ ಲೋಟದ ನೀರನ್ನು ಒಂದೇ ಉಸಿರಿಗೆ ಗಟಗಟನೆ ಕುಡಿದು ಮುಗಿಸುತ್ತಿದ್ದ ನನಗೆ ಅಷ್ಟು ನೀರನ್ನು ಒಳಗಿಳಿಸಲು ಕಾಲು ಗಂಟೆ ಹಿಡಿಯಿತು. ನಾಲ್ಕನೆಯ ಗುಟುಕಿಗೇ ಎದೆಯ ಕೆಳಗೆ ಯಾರೋ ಅದುಮಿದಂತಾಗಿ ನಿಲ್ಲಿಸಬೇಕಾಯಿತು. ಹೊಟ್ಟೆಯ ಅಳತೆ ಬದಲಾಗಲು ಆಪರೇಷನ್ ಥಿಯೇಟರಿನಲ್ಲಿ ಕಳೆದ ಕೆಲವು ಗಂಟೆಗಳು ಸಾಕಾಗಿದ್ದವು, ಆದರೆ ಆ ಹೊಸ ಅಳತೆ ಕೈಗೆ, ಬಾಯಿಗೆ, ಕಣ್ಣಿಗೆ ರೂಢಿಯಾಗಲು ವರ್ಷವೇ ಬೇಕಾಯಿತು. ಈ ಬರಹ ಆ ರೂಢಿಯನ್ನು ಹೇಗೆ ಬೆಳೆಸಿಕೊಳ್ಳಬೇಕು ಎಂಬುದನ್ನು ಕುರಿತದ್ದು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಕೊಟ್ಟಿರುವ ವಾರಗಳ ಲೆಕ್ಕ ಮತ್ತು ಪ್ರಮಾಣಗಳು ಸಾಮಾನ್ಯವಾಗಿ ಪಾಲಿಸಲಾಗುವಂಥವು. ನಿಮ್ಮ ಶಸ್ತ್ರಚಿಕಿತ್ಸಕರಾಗಲಿ ಡಯೆಟಿಷಿಯನ್ ಆಗಲಿ ಬರೆದುಕೊಟ್ಟ ಹಾಳೆ ಇದಕ್ಕಿಂತ ಬೇರೆಯಾಗಿದ್ದರೆ ಆ ಹಾಳೆಯನ್ನೇ ಪಾಲಿಸಿ, ಏಕೆಂದರೆ ನಿಮ್ಮ ಹೊಟ್ಟೆಯೊಳಗಿನ ಹೊಲಿಗೆ ಎಲ್ಲಿದೆ, ಹೇಗಿದೆ ಎಂಬುದು ಅವರಿಗೆ ಗೊತ್ತು.

ಮೊದಲ ಹೆಜ್ಜೆ: ಒಳಗೆ ಏನು ಬದಲಾಗಿದೆ ಎಂದು ತಿಳಿದುಕೊಳ್ಳಿ

ಕಾರಣ ಗೊತ್ತಿಲ್ಲದ ನಿಯಮ ಮೂರನೆಯ ವಾರಕ್ಕೆ ಕೈಬಿಟ್ಟುಹೋಗುತ್ತದೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ತೆಗೆದುಹಾಕಿ, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಸಪೂರ ಕೊಳವೆಯಂತೆ ಬಿಡುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಹೀಗೆ ತೆಗೆದ ಭಾಗದಲ್ಲಿ; ಮೊದಲ ಕೆಲವು ತಿಂಗಳು ಹಸಿವೇ ಆಗುವುದಿಲ್ಲವೆಂದು ಹಲವರು ಹೇಳುವುದಕ್ಕೆ ಇದೂ ಒಂದು ಕಾರಣ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ನೇರವಾಗಿ ಸಣ್ಣಕರುಳನ್ನು ಜೋಡಿಸುತ್ತಾರೆ. ಉಳಿದ ಜಠರವೂ ಸಣ್ಣಕರುಳಿನ ಆರಂಭದ ಭಾಗವೂ ಒಳಗೇ ಇರುತ್ತವೆ, ಆದರೆ ತಿಂದ ಆಹಾರ ಆ ದಾರಿಯಲ್ಲಿ ಹಾಯುವುದಿಲ್ಲ. ಕಬ್ಬಿಣಾಂಶವನ್ನೂ ಕ್ಯಾಲ್ಸಿಯಂ ಅನ್ನೂ ದೇಹ ಚೆನ್ನಾಗಿ ಹೀರಿಕೊಳ್ಳುತ್ತಿದ್ದದ್ದು ಈಗ ಬದಿಗೆ ಸರಿದಿರುವ ಆ ಆರಂಭದ ಭಾಗದಲ್ಲಿಯೇ. ವಿಟಮಿನ್ ಬಿ12 ದೇಹಕ್ಕೆ ಸೇರಲು ಜಠರದ ಆಮ್ಲವೂ ಜಠರದಲ್ಲಿಯೇ ಹುಟ್ಟುವ ಒಂದು ವಿಶೇಷ ಪ್ರೋಟೀನೂ ಬೇಕು. ಎರಡೂ ಶಸ್ತ್ರಚಿಕಿತ್ಸೆಗಳ ನಂತರ ಇವು ಕಡಿಮೆಯಾಗುತ್ತವೆ.

ಆದ್ದರಿಂದ ಮುಂದೆ ಹೇಳುವ ಎಲ್ಲ ನಿಯಮಗಳ ಹಿಂದೆ ಇರುವುದು ಎರಡೇ ಸಂಗತಿ. ಜಾಗ ಬಹಳ ಕಡಿಮೆಯಿದೆ. ಸೇರಿದ್ದರಲ್ಲಿಯೂ ಎಲ್ಲವೂ ಮೈಗೆ ಹತ್ತುವುದಿಲ್ಲ.

ಎರಡನೆಯ ಹೆಜ್ಜೆ: ಮೊದಲ ಎರಡು ವಾರ ದ್ರವವನ್ನೇ ಆಹಾರವಾಗಿಸಿಕೊಳ್ಳಿ

ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿ ಸಾರು, ಸಕ್ಕರೆಯಿಲ್ಲದ ತಿಳಿ ಪಾನೀಯಗಳು ಮಾತ್ರ. ಅಲ್ಲಿಂದ ಎರಡನೆಯ ವಾರದ ಕೊನೆಯವರೆಗೆ ಕೆನೆ ತೆಗೆದ ಹಾಲು, ತೆಳುವಾಗಿ ಕಡೆದ ಮೊಸರು, ಪ್ರೋಟೀನ್ ಪುಡಿ ಕದಡಿದ ಪಾನೀಯ, ಗಟ್ಟಿ ತುಣುಕಿಲ್ಲದಂತೆ ಸೋಸಿದ ಸೂಪು ಇವುಗಳಿಗೆ ದಾಟಬಹುದು. ಈ ದಿನಗಳಲ್ಲಿ ಕ್ಯಾಲೊರಿಯ ಚಿಂತೆಗಿಂತ ನೀರಿನ ಚಿಂತೆ ದೊಡ್ಡದು. ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ಬರಬೇಕಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ದೇಹದಲ್ಲಿ ನೀರಿನಂಶ ಬತ್ತುವುದು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಗುರಿಯಾಗಿರಲಿ. ಅಷ್ಟನ್ನು ಗುಟುಕು ಗುಟುಕಾಗಿ ಮಾತ್ರ ಮುಟ್ಟಲು ಸಾಧ್ಯವಾದ್ದರಿಂದ, ಎಚ್ಚರವಾಗಿರುವಷ್ಟು ಹೊತ್ತೂ ಬಾಟಲಿ ಕೈಗೆಟುಕುವಂತಿರಬೇಕು. ಮೂತ್ರ ಗಾಢ ಹಳದಿಯಾಗಿ ಬಂದರೆ, ಬಾಯಿ ಒಣಗಿದರೆ, ಎದ್ದುನಿಂತ ಕೂಡಲೇ ಕಣ್ಣು ಕತ್ತಲೆ ಬಂದರೆ ನೀರು ಸಾಲುತ್ತಿಲ್ಲವೆಂದು ತಿಳಿಯಿರಿ.

ತಣ್ಣೀರು ಒತ್ತಿದಂತಾದರೆ ಉಗುರುಬೆಚ್ಚಗಿನ ನೀರನ್ನು ಕುಡಿದು ನೋಡಿ. ಕೆಲವರಿಗೆ ಇದರ ತಿರುವುಮುರುವು ಹಿತವಾಗುತ್ತದೆ. ಗ್ಯಾಸ್ ತುಂಬಿದ ಪಾನೀಯಗಳು ಬೇಡ. ಸ್ಟ್ರಾ ಬಳಸಿದರೆ ನೀರಿನೊಂದಿಗೆ ಗಾಳಿಯೂ ಒಳಹೋಗುವುದರಿಂದ ಆರಂಭದಲ್ಲಿ ಅದನ್ನೂ ಬಿಡುವುದು ಒಳ್ಳೆಯದು. ಹಾಲು ಕುಡಿದ ಮೇಲೆ ಹೊಟ್ಟೆಯುಬ್ಬರವೋ ಭೇದಿಯೋ ಆದರೆ ಗಾಬರಿಪಡಬೇಕಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಹಾಲಿನ ಸಕ್ಕರೆ ಒಗ್ಗದಿರುವುದು ಸಾಮಾನ್ಯ, ಲ್ಯಾಕ್ಟೋಸ್ ಇಲ್ಲದ ಹಾಲಿಗೆ ಬದಲಾಯಿಸಿಕೊಂಡರೆ ಸರಿಹೋಗುತ್ತದೆ. ನಾಲಿಗೆಯ ರುಚಿಯೂ ಬದಲಾಗಿರುತ್ತದೆ. ನಿನ್ನೆಯವರೆಗೆ ಇಷ್ಟವಾಗಿದ್ದ ಪಾನೀಯ ಇಂದು ವಾಕರಿಕೆ ತರಬಹುದು. ಅದಕ್ಕೇ ಪ್ರೋಟೀನ್ ಪುಡಿಯನ್ನು ದೊಡ್ಡ ಡಬ್ಬಿಯಲ್ಲಿ ಮುಂಚಿತವಾಗಿ ಕೊಂಡಿಡಬೇಡಿ.

ಮೂರನೆಯ ಹೆಜ್ಜೆ: ಅರೆದದ್ದರಿಂದ ಮೆತ್ತಗಿನದಕ್ಕೆ, ಮೆತ್ತಗಿನದರಿಂದ ಎಂದಿನ ಊಟಕ್ಕೆ

ಮೂರನೆಯ ಮತ್ತು ನಾಲ್ಕನೆಯ ವಾರಗಳಲ್ಲಿ ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಹಸುಗೂಸಿನ ಊಟದ ಹದಕ್ಕೆ ತರಬೇಕು. ಚೆನ್ನಾಗಿ ಬೆಂದ ಬೇಳೆ, ಮೊಟ್ಟೆ, ಮೀನು, ತರಕಾರಿ ಯಾವುದಾದರೂ ಆಗಬಹುದು, ಗಂಟು ನಾರು ಉಳಿದಿರಬಾರದು. ಐದು ಮತ್ತು ಆರನೆಯ ವಾರಗಳಲ್ಲಿ ಮುಳ್ಳುಚಮಚದ ಬೆನ್ನಿನಿಂದ ಒತ್ತಿದರೆ ಹಿಸುಕಿಹೋಗುವಷ್ಟು ಮೆತ್ತಗಿರುವ ಆಹಾರ ಸೇರಬಹುದು. ಆರರಿಂದ ಎಂಟನೆಯ ವಾರದ ಹೊತ್ತಿಗೆ ಸಾಮಾನ್ಯ ಆಹಾರವನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋಗಬಹುದು. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ ಎಂದು ಕಟ್ಟುನಿಟ್ಟು ಮಾಡಿಕೊಳ್ಳಿ, ಆಗ ಯಾವುದು ಒಗ್ಗಲಿಲ್ಲವೆಂದು ಖಚಿತವಾಗಿ ಗೊತ್ತಾಗುತ್ತದೆ. ಒಣಗಿದ ಮಾಂಸ, ಮೆತ್ತನೆಯ ಬ್ರೆಡ್, ಮುದ್ದೆಗಟ್ಟುವ ಅನ್ನ ಮತ್ತು ಪಾಸ್ತಾ, ನಾರಿರುವ ಹಸಿ ತರಕಾರಿ ಇವು ಬಹಳ ಜನರಿಗೆ ತಡವಾಗಿ ಒಗ್ಗುತ್ತವೆ.

ಹಂತಗಳನ್ನು ಹಾರಿಹೋಗುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು. ಹೊರಗಿನ ಗಾಯ ಮಾಯ್ದಿದೆ, ನೋವಿಲ್ಲ, ಹಾಗಾದರೆ ಒಂದು ತುಂಡು ಬ್ರೆಡ್ಡಿನಿಂದ ಏನಾಗುತ್ತದೆ ಎನ್ನಿಸುತ್ತದೆ. ಒಳಗಿನ ಹೊಲಿಗೆ ಹೊರಗಿನ ಗಾಯದ ವೇಗದಲ್ಲಿ ಗಟ್ಟಿಯಾಗುವುದಿಲ್ಲ, ಅಲ್ಲಿ ಊತ ಇನ್ನೂ ಇಳಿದಿರುವುದಿಲ್ಲ. ಗಡಸು ತುತ್ತು ಅಲ್ಲಿ ಸಿಕ್ಕಿಕೊಂಡರೆ ವಾಂತಿ, ವಾಂತಿಯಿಂದ ಹೊಲಿಗೆಯ ಮೇಲೆ ಒತ್ತಡ. ಈ ಆರು ವಾರಗಳ ಮಟ್ಟಿಗೆ ತಾಳ್ಮೆಯನ್ನು ಬೇಡಿಕೊಂಡಾದರೂ ತಂದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ತುತ್ತನ್ನು ಹೊಸದಾಗಿ ಕಲಿಯಿರಿ

ಇಡೀ ಹೊಂದಾಣಿಕೆಯಲ್ಲಿ ಅತ್ಯಂತ ಕಷ್ಟದ್ದು ಇದೇ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಚಿಕ್ಕ ತಟ್ಟೆ ಮತ್ತು ಮಕ್ಕಳ ಚಮಚ ತೆಗೆದುಕೊಳ್ಳಿ. ತುತ್ತು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಬಾರದು. ಬಾಯಿಗಿಟ್ಟ ಮೇಲೆ ಚಮಚವನ್ನು ಕೆಳಗಿಡಿ. ಕೈಯಲ್ಲಿ ಹಿಡಿದಿದ್ದರೆ ಅದು ತಾನಾಗಿಯೇ ಮುಂದಿನ ತುತ್ತನ್ನು ತೆಗೆಯುತ್ತದೆ. 20ರಿಂದ 30 ಸಲ ಅಗಿದು, ಬಾಯಲ್ಲಿ ಆಕಾರವೇ ಇಲ್ಲದಂತಾದ ಮೇಲೆ ನುಂಗಿ. ನುಂಗಿದ್ದು ಕೆಳಗಿಳಿಯಿತೆಂದು ಅನಿಸುವವರೆಗೆ, ಅಂದರೆ ಒಂದು ನಿಮಿಷದಷ್ಟು, ಕಾಯಿರಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಎಳೆದರೆ ಮೊದಲು ತಿಂದದ್ದು ಜಾರಿ ಮತ್ತೆ ಜಾಗವಾಗಿ, ತಿಳಿಯದೆಯೇ ಎರಡು ಊಟ ತಿಂದಂತಾಗುತ್ತದೆ.

ಐದನೆಯ ವಾರ ನಾನು ಒಂದು ಬೇಯಿಸಿದ ಮೊಟ್ಟೆಯ ಮುಂದೆ ಕುಳಿತಿದ್ದೆ. ಅರ್ಧ ಮೊಟ್ಟೆ ಮುಗಿಯುವ ಹೊತ್ತಿಗೆ ಮೂಗಿನಲ್ಲಿ ನೀರು ಬಂತು, ಒಂದು ಬಿಕ್ಕಳಿಕೆ ಬಂತು. ನೆಗಡಿ ಇರಬೇಕೆಂದುಕೊಂಡು, ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ಇನ್ನೂ ಎರಡು ತುತ್ತು ತಿಂದೆ. ಎರಡನೆಯದು ಎದೆಮೂಳೆಯ ಹಿಂದೆ ಕಲ್ಲಿನಂತೆ ನಿಂತಿತು, ಬಾಯಿತುಂಬ ನೊರೆನೊರೆಯಾದ ಲೋಳೆ ಜೊಲ್ಲು ಉಕ್ಕತೊಡಗಿತು, ಮುಕ್ಕಾಲು ಗಂಟೆ ಬಾತ್‌ರೂಮಿನ ಗೋಡೆಗೊರಗಿ ನಿಂತಿದ್ದೆ. ಮೂಗು ಸೋರುವುದು, ಬಿಕ್ಕಳಿಕೆ, ಸೀನು, ದೊಡ್ಡದೊಂದು ನಿಟ್ಟುಸಿರು ಇವು ಹೊಟ್ಟೆ ತುಂಬಿತೆಂದು ಹೇಳುವ ಹೊಸ ಭಾಷೆ ಎಂದು ನನ್ನ ಡಯೆಟಿಷಿಯನ್ ಆಮೇಲೆ ವಿವರಿಸಿದರು. ಪ್ರತಿಯೊಬ್ಬರಿಗೂ ಅವರದೇ ಆದ ಒಂದು ಸೂಚನೆ ಇರುತ್ತದೆ. ಮೊದಲ ತಿಂಗಳಲ್ಲಿ ನೀವು ಮಾಡಬೇಕಾದ ಕೆಲಸ ಅದನ್ನು ಗುರುತಿಸುವುದು, ಗುರುತಿಸಿದ ಕೂಡಲೇ ತಟ್ಟೆಯಲ್ಲಿ ಎಷ್ಟೇ ಉಳಿದಿದ್ದರೂ ಕೈತೊಳೆದು ಏಳುವುದು. ಅನ್ನವನ್ನು ಬಿಡಬಾರದೆಂದು ಬೆಳೆದವರಿಗೆ ಇದು ಸಂಕಟದ ಸಂಗತಿ. ಬಡಿಸಿಕೊಳ್ಳುವಾಗಲೇ ಎರಡು ಮೂರು ಚಮಚದಷ್ಟು ಬಡಿಸಿಕೊಂಡು, ಬೇಕಿದ್ದರೆ ಮತ್ತೆ ಹಾಕಿಕೊಳ್ಳುವುದು ಆ ಸಂಕಟದಿಂದ ಪಾರಾಗುವ ದಾರಿ.

ಸಿಕ್ಕಿಕೊಂಡ ತುತ್ತನ್ನು ನೀರು ಕುಡಿದು ಕೆಳಗೆ ತಳ್ಳಲು ಹೋಗಬೇಡಿ. ನೀರು ಅದರ ಮೇಲೆಯೇ ನಿಂತು ನೋವು ಹೆಚ್ಚುತ್ತದೆ. ಎದ್ದು ನಿಧಾನವಾಗಿ ಓಡಾಡಿ. ಹೆಚ್ಚಿನ ಸಲ ಅದು ತಾನಾಗಿಯೇ ಇಳಿಯುತ್ತದೆ ಅಥವಾ ಮೇಲೆ ಬರುತ್ತದೆ. ಗಂಟೆಗಳು ಕಳೆದರೂ ಎಂಜಲು ಸಹ ನುಂಗಲಾಗದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು.

ಐದನೆಯ ಹೆಜ್ಜೆ: ತಟ್ಟೆಯಲ್ಲಿ ಮೊದಲು ಪ್ರೋಟೀನ್, ನೀರು ಬೇರೆ ಹೊತ್ತಿನಲ್ಲಿ

ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಎಂದು ಲೆಕ್ಕಹಾಕಿದರೆ ಇದು ಎಷ್ಟು ದೂರದ ಗುರಿ ಎಂಬುದು ತಿಳಿಯುತ್ತದೆ. ಹಾಗಾಗಿ ತಟ್ಟೆಯಲ್ಲಿ ಮೊದಲ ಸರದಿ ಮೊಟ್ಟೆ, ಮೀನು, ಕೋಳಿ, ಬೇಳೆಕಾಳು, ಮೊಸರು, ತೋಫುಗಳಂಥ ಪದಾರ್ಥಗಳದ್ದು, ನಂತರ ತರಕಾರಿಯದ್ದು, ಜಾಗ ಉಳಿದರೆ ಧಾನ್ಯದ್ದು. ಸಸ್ಯಾಹಾರಿಗಳು ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿಯ ನೆರವಿಲ್ಲದೆ ಈ ಅಂಕಿಯನ್ನು ಮುಟ್ಟುವುದು ಕಷ್ಟ, ಆ ನೆರವು ಪಡೆಯಲು ಹಿಂಜರಿಯಬೇಕಿಲ್ಲ.

ಊಟದೊಂದಿಗೆ ನೀರು ಕುಡಿಯುವ ಅಭ್ಯಾಸವನ್ನು ಬಿಡಬೇಕು. ಊಟ ಆರಂಭಿಸಿದ ಮೇಲೆ ಬೇಡ, ಮುಗಿಸಿದ ಬಳಿಕ ಅರ್ಧ ಗಂಟೆಯವರೆಗೂ ಬೇಡ. ನೀರು ಸೇರಿದರೆ ಪುಟ್ಟ ಚೀಲದಲ್ಲಿ ಆಹಾರಕ್ಕೆ ಜಾಗ ಉಳಿಯುವುದಿಲ್ಲ, ಅಥವಾ ಆಹಾರ ತೆಳುವಾಗಿ ಬೇಗ ಜಾರಿಹೋಗಿ ಮತ್ತೆ ತಿನ್ನಬೇಕೆನಿಸುತ್ತದೆ. ಮೂರು ಸಣ್ಣ ಊಟ, ಬೇಕಿದ್ದರೆ ಒಂದೆರಡು ಪ್ರೋಟೀನಿನ ಅಲ್ಪಾಹಾರ, ಉಳಿದ ಹೊತ್ತೆಲ್ಲ ನೀರು ಎಂದು ದಿನವನ್ನು ಹಂಚಿಕೊಂಡರೆ ಎರಡೂ ಗುರಿಗಳು ಒಂದನ್ನೊಂದು ಕೆಡಿಸುವುದಿಲ್ಲ.

ಆರನೆಯ ಹೆಜ್ಜೆ: ಸಿಹಿ ತಿಂದಾಗ ಆಗುವ ಡಂಪಿಂಗ್ ತೊಂದರೆಯನ್ನು ಗುರುತಿಸಿ

ಬೈಪಾಸ್ ಆದವರಲ್ಲಿ ಹೆಚ್ಚಾಗಿ, ಸ್ಲೀವ್ ಆದವರಲ್ಲಿ ಕಡಿಮೆಯಾಗಿ ಕಾಣುವ ತೊಂದರೆ ಇದು. ಸಕ್ಕರೆ ಹೆಚ್ಚಿರುವ ಆಹಾರ ಒಮ್ಮೆಲೇ ಸಣ್ಣಕರುಳಿಗೆ ಸುರಿದಾಗ ಅದನ್ನು ತೆಳುಗೊಳಿಸಲು ರಕ್ತದಿಂದ ನೀರು ಕರುಳಿಗೆ ಹರಿಯುತ್ತದೆ. ತಿಂದ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟುವುದು, ಬೆವರುವುದು, ಹೊಟ್ಟೆ ಹಿಂಡುವುದು, ಭೇದಿ ಮತ್ತು ಎದ್ದು ನಿಲ್ಲಲಾಗದಷ್ಟು ಸುಸ್ತು ಆವರಿಸುವುದು ಇದರ ಲಕ್ಷಣ. ಕಾಲು ಚಾಚಿ ಮಲಗಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಇನ್ನೊಂದು ಬಗೆಯದು ತಿಂದ ಒಂದರಿಂದ ಮೂರು ಗಂಟೆಗಳ ನಂತರ ಬರುತ್ತದೆ. ಸಕ್ಕರೆಯನ್ನು ಎದುರಿಸಲು ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಕೈ ನಡುಗುತ್ತದೆ, ಮಂಕು ಕವಿಯುತ್ತದೆ, ಹಸಿವು ಕಿತ್ತು ತಿನ್ನುತ್ತದೆ. ಈ ಎರಡನೆಯದು ಪದೇ ಪದೇ ಆಗುತ್ತಿದ್ದರೆ ವಾಹನ ಓಡಿಸುವಾಗ ಅಪಾಯವಿರುವುದರಿಂದ ವೈದ್ಯರಿಗೆ ತಿಳಿಸಲೇಬೇಕು.

ಡಬ್ಬಿಯ ಹಣ್ಣಿನ ರಸ, ಐಸ್‌ಕ್ರೀಮ್, ಸಿಹಿ ಲೇಪಿಸಿದ ಧಾನ್ಯದ ತಿಂಡಿಗಳು ಸಾಮಾನ್ಯ ಕಾರಣಗಳು. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆಯ ಪ್ರಮಾಣ ನೋಡುವ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ. ಹಣ್ಣನ್ನು ರಸವಾಗಿ ಕುಡಿಯುವುದಕ್ಕಿಂತ ತುಂಡಾಗಿ, ಪ್ರೋಟೀನಿನ ನಂತರ ತಿಂದರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ.

ಏಳನೆಯ ಹೆಜ್ಜೆ: ಮಾತ್ರೆಗಳು ಜೀವನಪರ್ಯಂತ

ಒಂದೆರಡು ವರ್ಷ ಆರೋಗ್ಯವಾಗಿದ್ದು ವಿಟಮಿನ್ ಮಾತ್ರೆಗಳನ್ನು ಬಿಟ್ಟವರಲ್ಲಿ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಯಕೃತ್ತಿನಲ್ಲಿ ಸಂಗ್ರಹವಾಗಿರುವ ಬಿ12 ಖಾಲಿಯಾಗಲು ಬಹಳ ಕಾಲ ಹಿಡಿಯುತ್ತದೆ, ಕಾಲು ಜೋಮು ಹಿಡಿಯುವ ಹೊತ್ತಿಗೆ ನರಗಳಿಗೆ ಆಗಲೇ ಹಾನಿಯಾಗಿರಬಹುದು. ಎಲ್ಲ ಬಗೆಯ ವಿಟಮಿನ್ ಖನಿಜಗಳಿರುವ ಒಂದು ಮಾತ್ರೆ, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಬಹುತೇಕ ಎಲ್ಲರಿಗೂ ಬೇಕಾಗುತ್ತವೆ. ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು, ಆದರೆ ದೇಹ ಒಂದು ಸಲಕ್ಕೆ 500ರಿಂದ 600 ಮಿಲಿಗ್ರಾಂಗಿಂತ ಹೆಚ್ಚನ್ನು ಸರಿಯಾಗಿ ಹೀರುವುದಿಲ್ಲವಾದ್ದರಿಂದ ಅದನ್ನು ಎರಡು ಮೂರು ಸಲಕ್ಕೆ ಹಂಚಬೇಕು. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು ಜಠರದ ಆಮ್ಲ ಕಡಿಮೆಯಿದ್ದರೂ ಹೀರಲ್ಪಡುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ನಾನು ಫೋನಿನಲ್ಲಿ ನಾಲ್ಕು ಅಲಾರಂ ಇಟ್ಟುಕೊಂಡಿದ್ದೇನೆ, ನೆನಪಿನ ಶಕ್ತಿಯನ್ನು ನೆಚ್ಚಿಕೊಂಡಿಲ್ಲ.

ಥಯಮಿನ್ ಎಂಬ ಬಿ1 ವಿಟಮಿನ್ನಿನ ವಿಷಯ ಬೇರೆಯೇ. ದೇಹದಲ್ಲಿ ಅದರ ಸಂಗ್ರಹ ಕೆಲವೇ ವಾರಗಳಿಗೆ ಸಾಲುವಷ್ಟು. ದಿನಗಟ್ಟಲೆ ವಾಂತಿಯಾಗುತ್ತಿದ್ದು, ಅದರೊಂದಿಗೆ ದೃಷ್ಟಿ ಎರಡೆರಡಾಗಿ ಕಂಡರೆ, ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ ಇದು ಮಿದುಳಿಗೆ ಶಾಶ್ವತ ಹಾನಿ ತರಬಲ್ಲ ತುರ್ತುಸ್ಥಿತಿ. ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು. ತುರ್ತು ವಿಭಾಗದ ವೈದ್ಯರಿಗೆ ನಿಮಗಾಗಿರುವ ಶಸ್ತ್ರಚಿಕಿತ್ಸೆಯನ್ನೂ ಥಯಮಿನ್ನಿನ ಹೆಸರನ್ನೂ ನೀವೇ ಬಾಯಿಬಿಟ್ಟು ಹೇಳಿ.

ಬೇರೆ ಔಷಧಿಗಳನ್ನೂ ಮರುಪರಿಶೀಲಿಸಬೇಕಾಗುತ್ತದೆ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆಗಳು ಬೈಪಾಸ್‌ನ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಧೂಮಪಾನವೂ ಅದನ್ನೇ ಮಾಡುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯ ಪರ್ಯಾಯ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳು ಪೂರ್ತಿ ಕೆಲಸ ಮಾಡದಿರಬಹುದು. ಅವನ್ನು ಪುಡಿಮಾಡಿ ನುಂಗುವುದೂ ಅಪಾಯ, ಆದ್ದರಿಂದ ಔಷಧಿ ಅಂಗಡಿಯ ಫಾರ್ಮಸಿಸ್ಟರನ್ನು ಕೇಳಿ. ಮಧುಮೇಹ ಮತ್ತು ರಕ್ತದೊತ್ತಡ ಇದ್ದವರಿಗೆ ತೂಕ ಹೆಚ್ಚು ಇಳಿಯುವ ಮೊದಲೇ ಔಷಧಿಯ ಪ್ರಮಾಣ ತಗ್ಗಿಸಬೇಕಾಗಿ ಬರಬಹುದು. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ತಲೆಸುತ್ತಿ ಬೀಳುವ ಸಂಭವವಿದೆ.

ಎಂಟನೆಯ ಹೆಜ್ಜೆ: ದೇಹದ ಬದಲಾವಣೆಗಳೊಂದಿಗೆ ದಿನಚರಿ

ನಡಿಗೆ ಶಸ್ತ್ರಚಿಕಿತ್ಸೆಯಾದ ದಿನವೇ ಅಥವಾ ಮರುದಿನ ಆರಂಭವಾಗುತ್ತದೆ, ಏಕೆಂದರೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ನಡೆದು, ವಾರವಾರಕ್ಕೂ ಹೆಚ್ಚಿಸಿ. ಭಾರ ಎತ್ತುವ ಕೆಲಸವನ್ನು ನಾಲ್ಕರಿಂದ ಆರು ವಾರ ಮುಂದೂಡಿ. ಆಮೇಲೆ ಮಾಂಸಖಂಡಗಳಿಗೆ ಬಲಕೊಡುವ ವ್ಯಾಯಾಮವನ್ನು ಸೇರಿಸಲೇಬೇಕು. ನಡಿಗೆಯೊಂದೇ ಮಾಂಸಖಂಡವನ್ನು ಉಳಿಸಿಕೊಡುವುದಿಲ್ಲ.

ಮೂರು ನಾಲ್ಕು ತಿಂಗಳಾಗುವಾಗ ಬಾಚಣಿಗೆ ತುಂಬ ಕೂದಲು ಬರತೊಡಗುತ್ತದೆ. ದೇಹಕ್ಕಾದ ಆಘಾತ ಮತ್ತು ವೇಗದ ತೂಕ ಇಳಿಕೆಯಿಂದ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುವುದು ಇದಕ್ಕೆ ಕಾರಣ. ಪ್ರೋಟೀನ್ ಮತ್ತು ಕಬ್ಬಿಣಾಂಶ ಸರಿಯಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ. ಮಲಬದ್ಧತೆಯೂ ಸಾಮಾನ್ಯ, ನೀರು, ನಡಿಗೆ, ವೈದ್ಯರು ಒಪ್ಪಿದ ನಾರಿನ ಪುಡಿ ಅದಕ್ಕೆ ಮದ್ದು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚುವುದರಿಂದ, ಊಟದ ನಂತರ ಬಲಪಕ್ಕೆಯ ಕೆಳಗೆ ನೋವು ಬಂದರೆ ಅಜೀರ್ಣವೆಂದು ತಳ್ಳಿಹಾಕಬೇಡಿ.

ಮಹಿಳೆಯರಿಗೆ ವಿಶೇಷವಾಗಿ ಹೇಳಬೇಕಾದದ್ದೊಂದಿದೆ. ತೂಕ ಇಳಿದಂತೆ ಋತುಚಕ್ರ ಸರಿಯಾಗಿ, ವರ್ಷಗಟ್ಟಲೆ ಗರ್ಭ ನಿಲ್ಲದವರಿಗೂ ಬೇಗ ನಿಲ್ಲಬಹುದು. ಆದರೆ ಮೊದಲ 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ತಾಯಿಗೂ ಮಗುವಿಗೂ ಕ್ಷೇಮ. ಬೈಪಾಸ್ ನಂತರ ಗರ್ಭನಿರೋಧಕ ಗುಳಿಗೆಗಳನ್ನು ಪೂರ್ತಿ ನಂಬಲಾಗದ ಕಾರಣ ಬೇರೆ ವಿಧಾನದ ಬಗ್ಗೆ ಮುಂಚೆಯೇ ಮಾತಾಡಿಕೊಳ್ಳಿ. ಮದ್ಯದ ವಿಷಯದಲ್ಲಿಯೂ ಎಚ್ಚರ ಬೇಕು: ಹಿಂದೆ ಏನೂ ಮಾಡದಷ್ಟು ಪ್ರಮಾಣ ಈಗ ಬಹುಬೇಗ ರಕ್ತಕ್ಕೇರುತ್ತದೆ, ಕೆಲವರಲ್ಲಿ ಊಟದ ಜಾಗವನ್ನು ಕುಡಿತ ಹಿಡಿಯುತ್ತದೆ.

ಒಂಬತ್ತನೆಯ ಹೆಜ್ಜೆ: ತೂಕ ನಿಂತಾಗ, ಮನಸ್ಸು ಹಸಿದಾಗ

ಮೂರನೆಯ ವಾರದ ಆಸುಪಾಸಿನಲ್ಲಿ ತಕ್ಕಡಿಯ ಮುಳ್ಳು ಅಲುಗದೆ ನಿಲ್ಲುವುದು ಬಹಳ ಜನರನ್ನು ಹೆದರಿಸುತ್ತದೆ. ಆರಂಭದಲ್ಲಿ ಇಳಿದದ್ದರಲ್ಲಿ ನೀರಿನ ಪಾಲು ದೊಡ್ಡದಿತ್ತು, ದೇಹ ಈಗ ಅದನ್ನು ಮತ್ತೆ ಹೊಂದಿಸಿಕೊಳ್ಳುತ್ತಿದೆ, ಅಷ್ಟೇ. ವಾರಕ್ಕೊಮ್ಮೆ ಮಾತ್ರ ತೂಗಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ. ತೂಕ ಮುಖ್ಯವಾಗಿ ಇಳಿಯುವುದು ಮೊದಲ 12ರಿಂದ 18 ತಿಂಗಳಲ್ಲಿ. ನಂತರ ಸ್ವಲ್ಪ ಮರಳಿ ಏರುವುದು ಸಹಜ. ಏರುತ್ತಲೇ ಹೋದರೆ ತಟ್ಟೆಯನ್ನಲ್ಲ, ಊಟಗಳ ನಡುವಿನ ಹೊತ್ತನ್ನು ಗಮನಿಸಿ. ಬಾಯಲ್ಲಿ ಕರಗುವ ಬಿಸ್ಕತ್ತು, ಚಿಪ್ಸ್, ಚಾಕೊಲೇಟು, ಸಿಹಿ ಪಾನೀಯಗಳಿಗೆ ಆ ಪುಟ್ಟ ಹೊಟ್ಟೆ ಅಡ್ಡಿ ಮಾಡುವುದೇ ಇಲ್ಲ. ಅವು ತಡೆಯಿಲ್ಲದೆ ಜಾರಿಹೋಗುತ್ತವೆ.

ಬೇಸರ, ಒಂಟಿತನ, ಸಿಟ್ಟು ಬಂದಾಗ ತಿನ್ನುತ್ತಿದ್ದವರಿಗೆ ಈಗ ಆ ಆಸರೆ ಇರುವುದಿಲ್ಲ. ಮೈ ಹಗುರಾಗುತ್ತಿರುವಾಗಲೂ ಮನಸ್ಸು ಭಾರವಾಗಿ, ಅಳು ಬಂದು, ಈ ಆಪರೇಷನ್ ಯಾಕಾದರೂ ಮಾಡಿಸಿಕೊಂಡೆನೋ ಎನ್ನಿಸುವ ದಿನಗಳಿರುತ್ತವೆ. ನನಗೆ ಎರಡನೆಯ ತಿಂಗಳು ಪೂರ್ತಿ ಹಾಗಿತ್ತು. ಅದನ್ನು ದೌರ್ಬಲ್ಯವೆಂದು ಮುಚ್ಚಿಡದೆ ಆಪ್ತಸಮಾಲೋಚಕರ ಬಳಿ ಹೇಳಿಕೊಳ್ಳಿ. ಇತರರೊಂದಿಗೆ ಊಟಕ್ಕೆ ಕುಳಿತಾಗ ‘ಇನ್ನೂ ಸ್ವಲ್ಪ ತಿನ್ನಿ’ ಎಂಬ ಪ್ರೀತಿಯ ಒತ್ತಾಯಕ್ಕೆ ‘ರುಚಿಯಾಗಿದೆ, ನನಗೆ ಸಾಕಾಯಿತು’ ಎಂಬ ಉತ್ತರ ಸಾಕು. ಶಸ್ತ್ರಚಿಕಿತ್ಸೆಯ ಕಥೆಯನ್ನು ಎಲ್ಲರಿಗೂ ಹೇಳಬೇಕಾದ ಋಣ ನಿಮ್ಮ ಮೇಲಿಲ್ಲ.

ಹತ್ತನೆಯ ಹೆಜ್ಜೆ: ತಪಾಸಣೆ ಮತ್ತು ಅಪಾಯದ ಸೂಚನೆಗಳು

ಮೊದಲ ವರ್ಷದಲ್ಲಿ ಸಾಮಾನ್ಯವಾಗಿ 3, 6 ಮತ್ತು 12ನೆಯ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ನಡೆಯಬೇಕು. ಮೊದಲ ವಾರಗಳಲ್ಲಿ ಜ್ವರ, ಕುಳಿತಲ್ಲಿಯೇ ಎದೆಬಡಿತ ನಿಮಿಷಕ್ಕೆ 120ನ್ನು ಮೀರುವುದು, ಹೆಚ್ಚುತ್ತಾ ಹೋಗುವ ಹೊಟ್ಟೆನೋವು ಅಥವಾ ಎಡಭುಜದ ನೋವು ಹೊಲಿಗೆಯಿಂದ ಸೋರುತ್ತಿರುವುದರ ಸೂಚನೆಯಾಗಿರಬಹುದು. ಒಂದು ಕಾಲು ಮಾತ್ರ ಊದಿ ನೋಯುವುದು, ಹಠಾತ್ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆ. ಕಪ್ಪಗೆ ಅಂಟಂಟಾದ ಮಲ, ಒಂದು ದಿನವಿಡೀ ನೀರೂ ನಿಲ್ಲದ ವಾಂತಿ ಇವನ್ನೂ ಮನೆಯಲ್ಲಿ ಕಾದು ನೋಡುವಂತಿಲ್ಲ. ಬೈಪಾಸ್ ಆದವರಲ್ಲಿ ವರ್ಷಗಳ ನಂತರವೂ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಂಡು ಇದ್ದಕ್ಕಿದ್ದಂತೆ ತೀವ್ರ ಹೊಟ್ಟೆನೋವು ಬರಬಹುದು. ಆಗ ನಿಮ್ಮನ್ನು ಪರೀಕ್ಷಿಸುವವರು ಹೊಟ್ಟೆಯ ಮೇಲಿನ ಐದಾರು ಸಣ್ಣ ಕಲೆಗಳನ್ನು ನೋಡಿ ವಿಷಯವನ್ನು ಊಹಿಸಲಾರರು. ಶಸ್ತ್ರಚಿಕಿತ್ಸೆಯ ಹೆಸರು, ಅದು ನಡೆದ ದಿನಾಂಕ, ಮಾಡಿದ ತಂಡದ ಫೋನ್ ಸಂಖ್ಯೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ತೆಗೆದುಕೊಳ್ಳಬಾರದ ನೋವಿನ ಮಾತ್ರೆಗಳು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರಿಗಾದರೂ ಆ ಚೀಟಿ ಎಲ್ಲಿದೆಯೆಂದು ತೋರಿಸಿಡಿ.